ಪ್ರಜಾಪ್ರಭುತ್ವ ಜಾರುತ್ತಿದೆಯೇ? ದೋಷ ಪತ್ತೆಗೊಂದು ಕೈಪಿಡಿ

ತುಮಕೂರಿನಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರಿಗೆ ನಾನು ಸಂವಿಧಾನದ ಪಾಠ ಹೇಳುತ್ತೇನೆ. ತುರ್ತು ಪರಿಸ್ಥಿತಿಯ ಅಧ್ಯಾಯ ಬಂದ ದಿನ ತರಗತಿ ಎರಡು ಪಾಳಯವಾಗುತ್ತದೆ. ಒಂದು ಕಡೆಯವರು 1975ನ್ನು ಎತ್ತುತ್ತಾರೆ, ಇನ್ನೊಂದು ಕಡೆಯವರು ಇವತ್ತಿನ ಸುದ್ದಿಯನ್ನು ಎತ್ತುತ್ತಾರೆ. ಅಷ್ಟರಲ್ಲಿ ಯಾರೋ ಹಿಟ್ಲರ್ ಹೆಸರು ತೆಗೆಯುತ್ತಾರೆ, ಅಲ್ಲಿಗೆ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ. ಕೊನೆಗೆ ಒಬ್ಬರಾದರೂ ಕೇಳುತ್ತಾರೆ: "ಮೇಷ್ಟ್ರೇ, ನಾವು ಜಾರುತ್ತಿದ್ದೇವೋ ಇಲ್ಲವೋ, ಒಂದೇ ಮಾತಿನಲ್ಲಿ ಹೇಳಿಬಿಡಿ."

ಒಂದೇ ಮಾತಿನ ಉತ್ತರ ನನ್ನಲ್ಲಿಲ್ಲ. ಪರೀಕ್ಷಿಸುವ ಕ್ರಮವೊಂದಿದೆ, ಅದನ್ನು ಇಲ್ಲಿ ಬರೆದಿಡುತ್ತೇನೆ. ನಮ್ಮ ಕಡೆ ಕೊಳವೆಬಾವಿಯ ಮೋಟರ್ ನಿಂತರೆ ಪಳಗಿದ ಮೆಕ್ಯಾನಿಕ್ ಬಂದವನೇ ಪೈಪುಗಳನ್ನು ಮೇಲೆತ್ತಿಸುವುದಿಲ್ಲ. ಮೂರೂ ಫೇಸ್ ಬರುತ್ತಿದೆಯೇ, ಸ್ಟಾರ್ಟರ್ ಹಿಡಿಯುತ್ತಿದೆಯೇ, ಕೇಬಲ್ ಸುಟ್ಟಿದೆಯೇ ಎಂದು ಒಂದೊಂದನ್ನೇ ನೋಡಿ, ಸರಿಯಿರುವುದನ್ನು ಬದಿಗಿಟ್ಟು ಮುಂದೆ ಹೋಗುತ್ತಾನೆ. ಆಳುವವರ ಬಗ್ಗೆ ತೀರ್ಮಾನಕ್ಕೆ ಬರುವಾಗಲೂ ಅಷ್ಟು ತಾಳ್ಮೆ ಬೇಕು.

ಯಾವುದು ಈ ದೋಷವಲ್ಲ

ನಮಗೆ ಬೇಡವಾದ ಪಕ್ಷ ಗೆದ್ದಿದೆ ಎಂಬುದು ಈ ದೋಷದ ಲಕ್ಷಣವಲ್ಲ. ಲಂಚ, ಅದಕ್ಷತೆ, ಹಾಳಾದ ರಸ್ತೆ, ಕೊಟ್ಟ ಮಾತಿಗೆ ತಪ್ಪಿದ ಶಾಸಕ, ಇವೆಲ್ಲ ಕೆಟ್ಟ ಆಡಳಿತದ ಗುರುತುಗಳು; ಮುಂದಿನ ಚುನಾವಣೆಯಲ್ಲಿ ಸರಿಪಡಿಸಬಹುದಾದವು. ಆ ಮುಂದಿನ ಅವಕಾಶವನ್ನೇ ಸವೆಸುವುದು ನಾವು ಹುಡುಕುತ್ತಿರುವ ದೋಷ.

ಪ್ರಜಾಪ್ರಭುತ್ವವೇ ಇಲ್ಲದಿದ್ದ ಕಾಲದ ಘಟನೆಯನ್ನು ತಂದು ಇಂದಿನದಕ್ಕೆ ಜೋಡಿಸುವುದೂ ತಪ್ಪು. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಸತ್ತವರ ಸಂಖ್ಯೆ ಸರಕಾರದ ಲೆಕ್ಕದಲ್ಲಿ ಒಂದು, ಜನರ ಲೆಕ್ಕದಲ್ಲಿ ಇನ್ನೊಂದು. ಅಲ್ಲಿಗೆ ಹೋದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಆದರೂ ಅದು ಜಾರಿದ ಪ್ರಜಾಪ್ರಭುತ್ವದ ಉದಾಹರಣೆಯಲ್ಲ, ಜಾರಲು ಅಲ್ಲಿ ಪ್ರಜಾಪ್ರಭುತ್ವವೇ ಇರಲಿಲ್ಲ. ದಿವಾನ್ ರಂಗಾಚಾರ್ಲು 1881ರಲ್ಲಿ ಆರಂಭಿಸಿದ ಪ್ರಜಾಪ್ರತಿನಿಧಿ ಸಭೆ ಇತ್ತು, ನಿಜ. ಆ ಸಭೆ ಅಹವಾಲು ಹೇಳಬಹುದಿತ್ತು, ಪ್ರಶ್ನೆ ಕೇಳಬಹುದಿತ್ತು. ದಿವಾನರನ್ನು ಇಳಿಸಲು ಅದಕ್ಕೆ ಆಗುತ್ತಿರಲಿಲ್ಲ. ಜನರಿಗೆ ಹೊಣೆಯಾದ ಸರಕಾರ ಬಂದದ್ದು 1947ರ ಅಕ್ಟೋಬರ್‌ನಲ್ಲಿ, ಕೋಲಾರ ಜಿಲ್ಲೆಯ ಕ್ಯಾಸಂಬಳ್ಳಿಯವರಾದ ಕೆ. ಸಿ. ರೆಡ್ಡಿ ಮುಖ್ಯಮಂತ್ರಿಯಾದಾಗ. ಸಭೆಯ ಕಟ್ಟಡ, ಕಲಾಪ, ಭಾಷಣ ಎಲ್ಲವೂ ಇದ್ದು 'ಆಗದು' ಎನ್ನುವ ಅಧಿಕಾರ ಮಾತ್ರ ಇಲ್ಲದ ಸ್ಥಿತಿ ಹೇಗಿರುತ್ತದೆ ಎಂಬುದನ್ನು ಹಳೆಯ ಮೈಸೂರಿನಿಂದ ಕಲಿಯಬಹುದು. ಮುಂದಿನ ಪರೀಕ್ಷೆಗಳಿಗೆಲ್ಲ ಅದೇ ಆಧಾರ.

ಹೋಲಿಸುವ ಮೊದಲು

ವ್ಯಕ್ತಿಗೆ ವ್ಯಕ್ತಿಯನ್ನು ಹೋಲಿಸಬೇಡಿ. ಮೀಸೆ, ಭಾಷಣದ ಧಾಟಿ, ಜನಸಾಗರದ ಫೋಟೋ, ಇವುಗಳಿಂದ ಏನೂ ಸಾಬೀತಾಗುವುದಿಲ್ಲ. ಹೋಲಿಸಬೇಕಾದದ್ದು ಯಂತ್ರದ ಭಾಗಗಳನ್ನು: ನ್ಯಾಯಾಲಯಕ್ಕೆ ನ್ಯಾಯಾಲಯ, ಸದನಕ್ಕೆ ಸದನ, ಚುನಾವಣಾ ನಿಯಮಕ್ಕೆ ಚುನಾವಣಾ ನಿಯಮ.

'ಹಿಟ್ಲರ್ ಮತಗಳಿಂದಲೇ ಬಂದ' ಎಂಬ ಮಾತನ್ನು ತೆಗೆದುಕೊಳ್ಳಿ. 1932ರ ನವೆಂಬರ್ ಚುನಾವಣೆಯಲ್ಲಿ ಅವನ ಪಕ್ಷಕ್ಕೆ ಸಿಕ್ಕಿದ್ದು ಶೇಕಡಾ 33.1 ಮತ, ಜುಲೈನಲ್ಲಿ ಪಡೆದಿದ್ದಕ್ಕಿಂತ ಕಡಿಮೆ. ಬಹುಮತ ಇರಲಿಲ್ಲ. ಅವನನ್ನು ಬಳಸಿಕೊಂಡು ನಾವೇ ಆಳಬಹುದು ಎಂದು ಲೆಕ್ಕ ಹಾಕಿದ ಬಲಪಂಥೀಯ ಗಣ್ಯರ ಮಾತು ಕೇಳಿ ಅಧ್ಯಕ್ಷ ಹಿಂಡನ್‌ಬರ್ಗ್ 1933ರ ಜನವರಿ 30ರಂದು ಅವನನ್ನು ಚಾನ್ಸಲರ್ ಮಾಡಿದರು. ಅದಕ್ಕೂ ಮೊದಲು, 1930ರಿಂದಲೇ, ಆಗಿನ ಚಾನ್ಸಲರ್ ಬ್ರೂನಿಂಗ್ ಅವರ ಸರಕಾರ ಸಂವಿಧಾನದ 48ನೇ ವಿಧಿಯಡಿ ಅಧ್ಯಕ್ಷರು ಹೊರಡಿಸುವ ತುರ್ತು ಆಜ್ಞೆಗಳ ಮೇಲೆ ನಡೆಯುತ್ತಿತ್ತು. ಸದನವನ್ನು ಬದಿಗಿಟ್ಟು ಆಳುವ ರೂಢಿ ಹಿಟ್ಲರ್ ಬರುವ ಮುಂಚೆಯೇ ಬೆಳೆದಿತ್ತು. ಇಟಲಿಯಲ್ಲೂ 1922ರಲ್ಲಿ ಮುಸೊಲಿನಿಯ ತಂಡಗಳು ರೋಮ್ ಕಡೆ ಹೊರಟಾಗ ಸೈನಿಕ ಕಾನೂನು ಜಾರಿಗೊಳಿಸುವ ಆದೇಶಕ್ಕೆ ದೊರೆ ಸಹಿ ಹಾಕಲಿಲ್ಲ. ಬದಲಿಗೆ ಮುಸೊಲಿನಿಯನ್ನೇ ಕರೆದು ಸರಕಾರ ಕೊಟ್ಟರು.

ಇವೆರಡರ ಪಕ್ಕದಲ್ಲಿ, ಅದೇ ಕಾಲದಲ್ಲಿ ಜಾರದೆ ಉಳಿದ ದೇಶಗಳನ್ನೂ ಇಟ್ಟು ನೋಡಬೇಕು. ಫಿನ್‌ಲ್ಯಾಂಡಿನಲ್ಲಿ 1932ರಲ್ಲಿ ಲಾಪುವಾ ಎಂಬ ಉಗ್ರ ಬಲಪಂಥೀಯ ಚಳವಳಿಯವರು ಬಂದೂಕು ಹಿಡಿದು ಸೇರಿದಾಗ ಅಧ್ಯಕ್ಷ ಸ್ವಿನ್‌ಹುವುಡ್ ರೇಡಿಯೋದಲ್ಲಿ ಮಾತನಾಡಿ ಅವರನ್ನು ಮನೆಗೆ ಕಳುಹಿಸಿದರು. ಅಧ್ಯಕ್ಷರು ಆ ಗುಂಪಿಗೆ ಮೊದಲು ಹತ್ತಿರವಾಗಿದ್ದವರೇ. ಬೆಲ್ಜಿಯಂನಲ್ಲಿ 1937ರ ಬ್ರಸೆಲ್ಸ್ ಉಪಚುನಾವಣೆಗೆ ಫ್ಯಾಸಿಸ್ಟ್ ನಾಯಕ ಡಗ್ರೆಲ್ ನಿಂತಾಗ, ಒಬ್ಬರನ್ನೊಬ್ಬರು ಕಂಡರಾಗದ ಕ್ಯಾಥೊಲಿಕ್, ಲಿಬರಲ್, ಸಮಾಜವಾದಿ ಪಕ್ಷಗಳು ಒಬ್ಬನೇ ಅಭ್ಯರ್ಥಿಯ ಬೆನ್ನಿಗೆ ನಿಂತು ಅವನನ್ನು ಸೋಲಿಸಿದವು. ಉಗ್ರ ಗುಂಪುಗಳು ಎಲ್ಲ ಕಡೆಯೂ ಇದ್ದವು. ಬಾಗಿಲ ಬಳಿ ನಿಂತಿದ್ದ ಗೌರವಸ್ಥರು ಏನು ಮಾಡಿದರು ಎಂಬುದರಲ್ಲಿ ವ್ಯತ್ಯಾಸವಾಯಿತು. ಆದ್ದರಿಂದ ಇವತ್ತಿನದನ್ನು ನೋಡುವಾಗ ಅರಚುವವರನ್ನು ಮಾತ್ರ ನೋಡಬೇಡಿ, ಅವರ ಪಕ್ಕದಲ್ಲಿ ಸುಮ್ಮನೆ ಕುಳಿತ ಸಭ್ಯರನ್ನೂ ನೋಡಿ.

ಮೊದಲ ಪರೀಕ್ಷೆ: 'ಆಗದು' ಎಂದವರು ಈಗ ಎಲ್ಲಿದ್ದಾರೆ?

ಎಲ್ಲ ಪರೀಕ್ಷೆಗಳಲ್ಲಿ ನಾನು ಹೆಚ್ಚು ನಂಬುವುದು ಇದನ್ನೇ. ಸರಕಾರಕ್ಕೆ ಎದುರಾಗಿ ತೀರ್ಪು ಕೊಟ್ಟ ನ್ಯಾಯಾಧೀಶ, ತನಿಖೆ ನಿಲ್ಲಿಸಲು ಒಪ್ಪದ ಅಧಿಕಾರಿ, ಸುದ್ದಿ ಹಿಂತೆಗೆಯದ ಸಂಪಾದಕ, ಇಂಥವರ ಪಟ್ಟಿ ಮಾಡಿ. ಒಂದು ವರ್ಷದ ನಂತರ ಅವರು ಯಾವ ಕುರ್ಚಿಯಲ್ಲಿದ್ದಾರೆ ಎಂದು ನೋಡಿ.

ನಮ್ಮ ದೇಶದಲ್ಲಿ ಈ ಪರೀಕ್ಷೆ ಮಾಡಿದ್ದವರಿಗೆ 1975ರ ಜೂನ್ ಆಕಸ್ಮಿಕವಾಗಿ ಕಾಣುತ್ತಿರಲಿಲ್ಲ. 1973ರ ಏಪ್ರಿಲ್ 24ರಂದು ಕೇಶವಾನಂದ ಭಾರತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಕೆಡಿಸುವಂತಿಲ್ಲ ಎಂದಿತು. ಕೂಡಲೇ ಶೆಲಟ್, ಕೆ. ಎಸ್. ಹೆಗ್ಡೆ, ಗ್ರೋವರ್ ಎಂಬ, ಆ ತೀರ್ಪಿನ ಪರವಿದ್ದ ಮೂವರು ಹಿರಿಯರನ್ನು ದಾಟಿ ಎ. ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಲಾಯಿತು. ಮೂವರೂ ರಾಜೀನಾಮೆ ಕೊಟ್ಟರು. ತುರ್ತು ಪರಿಸ್ಥಿತಿಗೆ ಆಗ ಇನ್ನೂ ಎರಡು ವರ್ಷವಿತ್ತು.

ತುರ್ತು ಪರಿಸ್ಥಿತಿ ಬಂದ ಮೇಲೆ, ಬಂಧಿತರು ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ತಮ್ಮ ಬಂಧನ ಕಾನೂನುಬದ್ಧವೇ ಎಂದು ಪರೀಕ್ಷಿಸಲು ನ್ಯಾಯಾಲಯವನ್ನು ಕೇಳುವ ಅರ್ಜಿ, ಹಾಕಬಹುದು ಎಂದು ಒಂಬತ್ತು ಹೈಕೋರ್ಟ್‌ಗಳು ಹೇಳಿದವು. ಕರ್ನಾಟಕ ಹೈಕೋರ್ಟ್ ಅವುಗಳಲ್ಲೊಂದು. ಸಂಸದೀಯ ಸಮಿತಿಯ ಸಭೆಗೆ ಬೆಂಗಳೂರಿಗೆ ಬಂದಿದ್ದಾಗ ಬಂಧಿತರಾದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅವರ ಅರ್ಜಿಗಳು ಇಲ್ಲಿಗೇ ಬಂದಿದ್ದವು. 1976ರಲ್ಲಿ ದೇಶದ ಹದಿನಾರು ಹೈಕೋರ್ಟ್ ನ್ಯಾಯಮೂರ್ತಿಗಳನ್ನು ಅವರ ಒಪ್ಪಿಗೆಯಿಲ್ಲದೆ ವರ್ಗಾಯಿಸಲಾಯಿತು. ಆ ವರ್ಷದ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್ ನಾಲ್ಕು ಮತ್ತು ಒಂದರ ಅಂತರದಲ್ಲಿ ಆ ಒಂಬತ್ತೂ ಹೈಕೋರ್ಟ್‌ಗಳ ನಿಲುವನ್ನು ತಳ್ಳಿಹಾಕಿತು. ಭಿನ್ನ ತೀರ್ಪು ಬರೆದವರು ಎಚ್. ಆರ್. ಖನ್ನಾ ಒಬ್ಬರೇ. 1977ರ ಜನವರಿಯಲ್ಲಿ ಅವರನ್ನು ದಾಟಿ ಬೇಗ್ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು, ಖನ್ನಾ ರಾಜೀನಾಮೆ ಕೊಟ್ಟರು.

ಈಚಿನ ದಶಕಗಳಲ್ಲಿ ಇದೇ ಕೆಲಸ ಸದ್ದಿಲ್ಲದೆ ನಡೆಯುತ್ತದೆ. ಹಂಗರಿಯಲ್ಲಿ 2010ರ ಚುನಾವಣೆಯಲ್ಲಿ ಶೇಕಡಾ 53ರಷ್ಟು ಮತ ಪಡೆದ ಫಿಡೆಸ್ ಪಕ್ಷಕ್ಕೆ ಮೂರನೇ ಎರಡರಷ್ಟು ಸ್ಥಾನ ಸಿಕ್ಕಿತು. ಅದರ ಬಲದಿಂದ ಹೊಸ ಸಂವಿಧಾನ ಬಂತು, ನ್ಯಾಯಾಧೀಶರ ನಿವೃತ್ತಿ ವಯಸ್ಸು 70ರಿಂದ 62ಕ್ಕೆ ಇಳಿಯಿತು. ಪೋಲೆಂಡ್ 2018ರಲ್ಲಿ ಸುಪ್ರೀಂ ಕೋರ್ಟಿನವರ ನಿವೃತ್ತಿ ವಯಸ್ಸನ್ನು 70ರಿಂದ 65ಕ್ಕೆ ತಂದಿತು. ಕೇಳುವವರಿಗೆ ಇದು ನೌಕರಿಯ ನಿಯಮದ ಮಾತು. ಹಿರಿಯರೆಲ್ಲ ಒಟ್ಟಿಗೆ ಹೊರಗೆ ಹೋದರು ಎಂಬುದು ಅದರ ಫಲ. ಯಾರನ್ನೂ ಬಂಧಿಸಬೇಕಾಗಿ ಬರಲಿಲ್ಲ. ಯುರೋಪಿನ ನ್ಯಾಯಾಲಯ ಎರಡನ್ನೂ ತಪ್ಪೆಂದಿತು. ಪೋಲೆಂಡ್ ಹಿಂದೆ ಸರಿಯಿತು, ಹಂಗರಿಯಲ್ಲಿ ಅಷ್ಟರಲ್ಲಿ ಅನೇಕರ ಜಾಗ ತುಂಬಿಹೋಗಿತ್ತು.

ಎರಡನೆಯದು: ತಾತ್ಕಾಲಿಕ ಅಧಿಕಾರಕ್ಕೆ ಕೊನೆಯ ದಿನ ಇದೆಯೇ?

ಸಂಕಟಕಾಲದಲ್ಲಿ ಸರಕಾರಕ್ಕೆ ವಿಶೇಷ ಅಧಿಕಾರ ಬೇಕಾಗಬಹುದು. ಅದನ್ನು ಕೇಳುವುದೇ ಸರ್ವಾಧಿಕಾರವಲ್ಲ. ಕೇಳಿದ ಅಧಿಕಾರಕ್ಕೆ ದಿನಾಂಕ ಇದೆಯೇ, ಆ ದಿನ ಬಂದಾಗ ಅದು ನಿಜಕ್ಕೂ ಮುಗಿಯಿತೇ ಎಂದು ನೋಡಬೇಕು. ಜರ್ಮನಿಯ ಸಂಸತ್ ಭವನಕ್ಕೆ ಬೆಂಕಿ ಬಿದ್ದ ಮರುದಿನ, 1933ರ ಫೆಬ್ರವರಿ 28ರಂದು, ನಾಗರಿಕ ಹಕ್ಕುಗಳನ್ನು ಅಮಾನತು ಮಾಡಿ ಹೊರಟ ಆಜ್ಞೆ ನಾಜಿ ಆಡಳಿತ ಕೊನೆಯಾಗುವವರೆಗೂ ಉಳಿಯಿತು. ಮಾರ್ಚ್ 23ರಂದು 444ಕ್ಕೆ 94 ಮತಗಳಿಂದ ಒಪ್ಪಿಗೆ ಪಡೆದ, ಸದನವಿಲ್ಲದೆ ಕಾನೂನು ಮಾಡುವ ಅಧಿಕಾರವನ್ನು ಹಿಟ್ಲರ್ ಸರಕಾರಕ್ಕೆ ಕೊಟ್ಟ ಕಾಯ್ದೆಗೆ ನಾಲ್ಕು ವರ್ಷದ ಗಡುವು ಬರೆದಿತ್ತು. ಕಮ್ಯುನಿಸ್ಟ್ ಸದಸ್ಯರನ್ನು ಒಳಗೆ ಬಿಡದೆ ನಡೆಸಿದ ಮತದಾನ ಅದು. ಗಡುವು ಬಂದಾಗಲೆಲ್ಲ ಮುಂದೆ ಹೋಯಿತು.

ನಮ್ಮಲ್ಲಿ ಬಾಂಗ್ಲಾ ಯುದ್ಧದ ಕಾರಣಕ್ಕೆ 1971ರ ಡಿಸೆಂಬರ್‌ನಲ್ಲಿ ಘೋಷಿಸಿದ ತುರ್ತು ಪರಿಸ್ಥಿತಿ, ಯುದ್ಧ ಎರಡೇ ವಾರದಲ್ಲಿ ಮುಗಿದರೂ, 1977ರ ಮಾರ್ಚ್‌ವರೆಗೆ ಜಾರಿಯಲ್ಲಿತ್ತು. 1975ರದು ಅದರ ಮೇಲೆ ಹೇರಿದ ಇನ್ನೊಂದು. ಮೊದಲನೆಯದನ್ನು ಯಾಕೆ ತೆಗೆದಿಲ್ಲ ಎಂದು ಆ ನಡುವಿನ ವರ್ಷಗಳಲ್ಲಿ ಬಿಡದೆ ಕೇಳಿದವರು ಕಡಿಮೆ. ಟರ್ಕಿಯಲ್ಲಿ 2016ರ ವಿಫಲ ದಂಗೆಯ ನಂತರ ಬಂದ ತುರ್ತು ಸ್ಥಿತಿ ಎರಡು ವರ್ಷ ನಡೆಯಿತು. ಅಧ್ಯಕ್ಷರ ಅಧಿಕಾರ ಹೆಚ್ಚಿಸುವ 2017ರ ಜನಮತಗಣನೆ ನಡೆದದ್ದೂ ಅದರ ನೆರಳಿನಲ್ಲೇ.

ಮೂರನೆಯದು: ನಿಯಮ ಬದಲಿಸಿದವರಿಗೇ ಅದರ ಲಾಭವೇ?

ಇಟಲಿಯಲ್ಲಿ ಮುಸೊಲಿನಿ ಸರಕಾರ ತಂದ 1923ರ ಅಚೆರ್ಬೊ ಕಾಯ್ದೆ ಇದಕ್ಕೆ ಕಣ್ಣಿಗೆ ರಾಚುವ ಉದಾಹರಣೆ: ಎಲ್ಲರಿಗಿಂತ ಹೆಚ್ಚು ಮತ ಪಡೆದ ಪಟ್ಟಿಗೆ ನಾಲ್ಕನೇ ಒಂದು ಭಾಗ ಮತ ಬಂದಿದ್ದರೆ ಸಾಕು, ಸದನದ ಮೂರನೇ ಎರಡು ಭಾಗ ಸ್ಥಾನ ಅದಕ್ಕೆ. ನಮ್ಮ 39ನೇ ತಿದ್ದುಪಡಿ 1975ರ ಆಗಸ್ಟ್‌ನಲ್ಲಿ ಬಂತು. ಜೂನ್ 12ರಂದು ಅಲಹಾಬಾದ್ ಹೈಕೋರ್ಟ್ ಅಸಿಂಧುಗೊಳಿಸಿದ್ದ ಪ್ರಧಾನಿಯ ಆಯ್ಕೆಯನ್ನು ನ್ಯಾಯಾಲಯದ ಕೈಯಿಂದಲೇ ಹೊರತೆಗೆಯಲು ಅದನ್ನು ತರಲಾಗಿತ್ತು. ಆ ಭಾಗವನ್ನು ಸುಪ್ರೀಂ ಕೋರ್ಟ್ ನವೆಂಬರ್‌ನಲ್ಲಿ ರದ್ದು ಮಾಡಿತು. ಆರು ತಿಂಗಳ ನಂತರ ಹೇಬಿಯಸ್ ಕಾರ್ಪಸ್‌ನಲ್ಲಿ ಸೋತದ್ದೂ ಅದೇ ನ್ಯಾಯಾಲಯ. ಒಂದು ಸಂಸ್ಥೆ ಒಮ್ಮೆ ಗಟ್ಟಿಯಾಗಿ ನಿಂತಿತು ಎಂಬ ಮಾತ್ರಕ್ಕೆ ಅದರ ಹೆಸರಿನ ಮುಂದೆ 'ಸರಿಯಿದೆ' ಎಂದು ಬರೆದು ಮುಗಿಸಬಾರದು, ಮತ್ತೆ ಮತ್ತೆ ನೋಡಬೇಕು.

ಇಂದಿನ ಭಾರತಕ್ಕೆ ಇದೇ ಪರೀಕ್ಷೆ ಮಾಡಿದರೆ ಫಲ ಎರಡು ಬಗೆಯಾಗಿ ಬರುತ್ತದೆ. 2024ರ ಫೆಬ್ರವರಿ 15ರಂದು ಹೆಸರು ಹೊರಬೀಳದಂತೆ ಪಕ್ಷಗಳಿಗೆ ದೇಣಿಗೆ ಕೊಡಲು ಇದ್ದ ಚುನಾವಣಾ ಬಾಂಡ್ ಯೋಜನೆಯನ್ನು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ರದ್ದು ಮಾಡಿ ದೇಣಿಗೆಯ ವಿವರ ಹೊರಗೆ ತರಿಸಿತು. ಇದು ಕೆಲಸ ಮಾಡುತ್ತಿರುವ ಭಾಗ. ಚುನಾವಣಾ ಆಯುಕ್ತರನ್ನು ಆರಿಸುವ ಸಮಿತಿಯಲ್ಲಿ ಪ್ರಧಾನಿ, ವಿರೋಧ ಪಕ್ಷದ ನಾಯಕ, ಮುಖ್ಯ ನ್ಯಾಯಮೂರ್ತಿ ಇರಲಿ ಎಂದು 2023ರ ಮಾರ್ಚ್‌ನಲ್ಲಿ ನ್ಯಾಯಾಲಯ ಹೇಳಿತ್ತು, ಸಂಸತ್ತು ಕಾನೂನು ಮಾಡುವವರೆಗೆ. ಡಿಸೆಂಬರ್‌ನಲ್ಲಿ ಬಂದ ಕಾನೂನು ಮುಖ್ಯ ನ್ಯಾಯಮೂರ್ತಿಗಳ ಜಾಗದಲ್ಲಿ ಕೇಂದ್ರ ಸಚಿವರೊಬ್ಬರನ್ನು ಕೂರಿಸಿತು. ಮೂವರಲ್ಲಿ ಇಬ್ಬರು ಸರಕಾರದವರು. ಹಿಂದೆ ಎಲ್ಲ ಪಕ್ಷದ ಸರಕಾರಗಳೂ ಆಯುಕ್ತರನ್ನು ತಾವೇ ನೇಮಿಸುತ್ತಿದ್ದವು ಎಂಬ ವಾದ ಸತ್ಯ. ಆದರೂ ಸ್ಪರ್ಧೆಯಲ್ಲಿರುವವರೇ ತೀರ್ಪುಗಾರರನ್ನು ಆರಿಸುವುದು ಈ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ, ಯಾವ ಪಕ್ಷ ಮಾಡಿದರೂ.

ತಪ್ಪು ಅಳತೆ ಬರುವ ಜಾಗ: ನಮ್ಮದೇ ಮನೆ

'ನಮಗೇನೂ ತೊಂದರೆಯಾಗಿಲ್ಲವಲ್ಲ' ಎಂಬ ಮಾತು ಈ ಕೆಲಸದಲ್ಲಿ ಹೆಚ್ಚು ದಾರಿ ತಪ್ಪಿಸುತ್ತದೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಎಂಬ ನಮ್ಮ ಮೂರು ಜಿಲ್ಲೆಗಳಿಗೇ ಇದರ ಅನುಭವವಿದೆ.

1977ರ ಮಾರ್ಚ್‌ನಲ್ಲಿ ಉತ್ತರ ಭಾರತ ಕಾಂಗ್ರೆಸ್ಸನ್ನು ಗುಡಿಸಿಹಾಕಿತು, ಪ್ರಧಾನಿಯೇ ರಾಯಬರೇಲಿಯಲ್ಲಿ ಸೋತರು. ಕರ್ನಾಟಕದಲ್ಲಿ 28ರಲ್ಲಿ 26 ಸ್ಥಾನ ಕಾಂಗ್ರೆಸ್ಸಿಗೇ ಬಂತು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಅದರಲ್ಲಿ ಸೇರಿದ್ದವು. ಜನತಾ ಪಕ್ಷ ಗೆದ್ದ ಎರಡರಲ್ಲಿ ಬೆಂಗಳೂರು ದಕ್ಷಿಣ ಒಂದು. ಅಲ್ಲಿ ಗೆದ್ದವರು 1973ರಲ್ಲಿ ದಾಟಿಹೋಗಲ್ಪಟ್ಟ ಅದೇ ನ್ಯಾಯಮೂರ್ತಿ ಕೆ. ಎಸ್. ಹೆಗ್ಡೆ.

ನಮ್ಮ ಹಿರಿಯರು ಅಜ್ಞಾನದಿಂದ ಹಾಗೆ ಮತ ಹಾಕಿದರು ಎನ್ನುವವರನ್ನು ನಾನು ಒಪ್ಪುವುದಿಲ್ಲ. ದೇವರಾಜ ಅರಸು ಸರಕಾರದ ಭೂಸುಧಾರಣೆ 1974ರಿಂದ ಜಾರಿಯಲ್ಲಿತ್ತು. ಭೂ ನ್ಯಾಯಮಂಡಳಿಯ ಮುಂದೆ ನಿಂತು ಗೇಣಿದಾರ ತಾನು ಉಳುತ್ತಿದ್ದ ಹೊಲಕ್ಕೆ ಒಡೆಯನಾಗಬಹುದಾಗಿತ್ತು. ಜೀತ ಪದ್ಧತಿ ನಿಷೇಧಿಸುವ ಸುಗ್ರೀವಾಜ್ಞೆ ಬಂದದ್ದೂ 1975ರ ಅಕ್ಟೋಬರ್‌ನಲ್ಲಿ, ತುರ್ತು ಪರಿಸ್ಥಿತಿಯ ನಡುವೆಯೇ. ಉತ್ತರದಲ್ಲಿ ನಡೆದಷ್ಟು ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆ ಇಲ್ಲಿ ನಡೆಯಲಿಲ್ಲ. ಭೂಮಿಯ ಪತ್ರ ಕೈಗೆ ಬಂದವನಿಗೆ, ಜೀತದಿಂದ ಬಿಡುಗಡೆಯಾದವನಿಗೆ ಅದು ಸುಳ್ಳು ಸುಖವಾಗಿರಲಿಲ್ಲ. ಆ ಕೃತಜ್ಞತೆಗೆ ನನ್ನ ಗೌರವವಿದೆ.

ಅದೇ ತಿಂಗಳುಗಳಲ್ಲಿ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ನಟಿ ಸ್ನೇಹಲತಾ ರೆಡ್ಡಿ ಉಬ್ಬಸದಿಂದ ನರಳುತ್ತಿದ್ದರು. ಪೆರೋಲಿನ ಮೇಲೆ ಹೊರಗೆ ಬಂದ ಸ್ವಲ್ಪವೇ ದಿನಗಳಲ್ಲಿ, 1977ರ ಜನವರಿಯಲ್ಲಿ, ತೀರಿಕೊಂಡರು. ಸೆನ್ಸಾರ್ ಇದ್ದುದರಿಂದ ಪಾವಗಡದಲ್ಲೋ ಮುಳಬಾಗಿಲಿನಲ್ಲೋ ಪತ್ರಿಕೆ ಓದುವವರಿಗೆ ಇಂಥ ಸುದ್ದಿ ತಲುಪುವ ದಾರಿಯಿರಲಿಲ್ಲ. ಹೊಲ ಬಂದದ್ದೂ ನಿಜ, ಜೈಲೂ ನಿಜ. ಹೊಲವನ್ನು ಅಳೆಯುವ ಕೋಲಿನಿಂದ ಜೈಲನ್ನು ಅಳೆಯಲಾಗುವುದಿಲ್ಲ. ಆದ್ದರಿಂದ ಇವತ್ತು ಯಾರಾದರೂ ಖಾತೆಗೆ ಹಣ ಬರುತ್ತಿದೆ, ರಸ್ತೆ ಅಗಲವಾಗಿದೆ, ಬಸ್ಸು ಪುಕ್ಕಟೆ ಎಂದರೆ ಜಗಳವಾಡಬೇಡಿ, ಒಪ್ಪಿಕೊಳ್ಳಿ. ಒಪ್ಪಿಕೊಂಡು, ಮೇಲಿನ ಮೂರು ಪರೀಕ್ಷೆಗಳನ್ನು ಬೇರೆಯಾಗಿಯೇ ಮಾಡಿ.

ದುರಸ್ತಿ ಎಲ್ಲಿ ಕೆಲಸ ಮಾಡಿದೆ

ದಕ್ಷಿಣ ಕೊರಿಯಾದಲ್ಲಿ 2024ರ ಡಿಸೆಂಬರ್ 3ರ ರಾತ್ರಿ ಅಧ್ಯಕ್ಷ ಯೂನ್ ಸೈನಿಕ ಆಡಳಿತ ಘೋಷಿಸಿದರು. ಸದನ ಬಹುಮತದಿಂದ ಕೇಳಿದರೆ ಅದನ್ನು ಹಿಂತೆಗೆಯಲೇಬೇಕು ಎಂದು ಅಲ್ಲಿನ ಸಂವಿಧಾನ ಹೇಳುತ್ತದೆ. ಸದಸ್ಯರು ಬೇಲಿ ಹಾರಿ ಒಳಗೆ ಹೋದರು, ಜನ ಹೊರಗೆ ಸೈನಿಕರಿಗೆ ಅಡ್ಡ ನಿಂತರು, ಹಾಜರಿದ್ದ 190 ಮಂದಿಯೂ ರದ್ದತಿಯ ಪರವಾಗಿ ಮತ ಹಾಕಿದರು. ಅವರಲ್ಲಿ ಅಧ್ಯಕ್ಷರ ಸ್ವಂತ ಪಕ್ಷದವರೂ ಇದ್ದರು. ಬೆಳಗಾಗುವ ಮುನ್ನ ಘೋಷಣೆ ಹಿಂದಕ್ಕೆ ಹೋಯಿತು. 2025ರ ಏಪ್ರಿಲ್ 4ರಂದು ಸಾಂವಿಧಾನಿಕ ನ್ಯಾಯಾಲಯ ಅವರನ್ನು ಪದಚ್ಯುತಗೊಳಿಸಿತು. ಬರೆದಿಟ್ಟ ನಿಯಮ ಮತ್ತು ಆ ರಾತ್ರಿಯೇ ಹೊರಟು ಬಂದ ಮನುಷ್ಯರು, ಎರಡೂ ಬೇಕಾದವು.

ನಮ್ಮಲ್ಲಿ ನಿಯಮದ ದುರಸ್ತಿ 1978ರ 44ನೇ ತಿದ್ದುಪಡಿಯಿಂದ ಆಯಿತು. 'ಆಂತರಿಕ ಗಲಭೆ' ಎಂಬ ಸಡಿಲ ಕಾರಣ ಹೋಗಿ 'ಸಶಸ್ತ್ರ ದಂಗೆ' ಬಂತು, ಸಚಿವ ಸಂಪುಟದ ಲಿಖಿತ ತೀರ್ಮಾನ ಕಡ್ಡಾಯವಾಯಿತು, ಜೀವಿಸುವ ಹಕ್ಕನ್ನು ಯಾವ ತುರ್ತು ಪರಿಸ್ಥಿತಿಯಲ್ಲೂ ಅಮಾನತು ಮಾಡುವಂತಿಲ್ಲ ಎಂದಾಯಿತು. 1976ರ ಹೇಬಿಯಸ್ ಕಾರ್ಪಸ್ ತೀರ್ಪು ಮಾತ್ರ 2017ರವರೆಗೆ ಪುಸ್ತಕದಲ್ಲಿ ಉಳಿದಿತ್ತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಹೂಡಿದ ಖಾಸಗಿತನದ ಪ್ರಕರಣದಲ್ಲಿ ಅದು ಕೊನೆಗೂ ಬಿದ್ದುಹೋಯಿತು.

ನಮ್ಮ ಜಿಲ್ಲೆಯಲ್ಲೇ ಮಾಡಿ ನೋಡಿ

ದೆಹಲಿಯ ಬಗ್ಗೆ ಮಾತನಾಡುವಾಗ ನಾವೆಲ್ಲ ಪಕ್ಷ ಹಿಡಿಯುತ್ತೇವೆ. ಅದಕ್ಕೇ ಕಲಿಯುವವರಿಗೆ ಜಿಲ್ಲಾ ಪಂಚಾಯಿತಿಯಿಂದ ಶುರುಮಾಡಿ ಎನ್ನುತ್ತೇನೆ. 2016ರಲ್ಲಿ ಆಯ್ಕೆಯಾದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ನಡೆಸಬೇಕೆಂದು ಸಂವಿಧಾನದ 243ಇ ವಿಧಿ ಹೇಳುತ್ತದೆ. 2006ರಲ್ಲಿ ಕಿಶನ್‌ಸಿಂಗ್ ತೋಮರ್ ಪ್ರಕರಣದಲ್ಲಿ, ನಗರಪಾಲಿಕೆಗೆ ಸಂಬಂಧಿಸಿದಂತೆ, ಸುಪ್ರೀಂ ಕೋರ್ಟ್ ಇದೇ ತತ್ವವನ್ನು ಒತ್ತಿ ಹೇಳಿದೆ. ಆದರೂ 2021ರಲ್ಲಿ ಕ್ಷೇತ್ರ ಪುನರ್ವಿಂಗಡಣೆಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಬೇರೆ ಆಯೋಗಕ್ಕೆ ಕೊಡುವ ಕಾನೂನು ಬಂತು. ಆಮೇಲೆ ಹಿಂದುಳಿದ ವರ್ಗಗಳ ಮೀಸಲಾತಿಯ ಪ್ರಶ್ನೆ, ಆಮೇಲೆ ಪಟ್ಟಿ, ಆಮೇಲೆ ಕೋರ್ಟು. 2023ರಲ್ಲಿ ಸರಕಾರ ಬದಲಾಯಿತು, ಪಕ್ಷ ಬದಲಾಯಿತು. ನಾಲ್ಕು ವರ್ಷ ದಾಟಿದರೂ ಚುನಾವಣೆ ನಡೆಯಲಿಲ್ಲ, ಸದಸ್ಯರು ಕೂರಬೇಕಾದ ಕಡೆ ಆಡಳಿತಾಧಿಕಾರಿಗಳು ಕುಳಿತರು.

ಮೂರು ಪರೀಕ್ಷೆಯನ್ನೂ ಇಲ್ಲಿಗೆ ಹಚ್ಚಿ. 'ಆಗದು' ಎಂದವರಿಗೆ ಶಿಕ್ಷೆಯಾಗಿಲ್ಲ, ಪತ್ರಿಕೆಗಳು ಬರೆದಿವೆ, ಹೈಕೋರ್ಟ್ ಪ್ರಶ್ನಿಸಿದೆ. ಮೀಸಲಾತಿಯ ಕಾರಣ ಪೂರ್ತಿ ನೆಪವೂ ಅಲ್ಲ, ಅದರ ಹಿಂದೆ ಸುಪ್ರೀಂ ಕೋರ್ಟಿನ ತೀರ್ಪೇ ಇದೆ. ಹಾಗಾಗಿ ಇದನ್ನು ಸರ್ವಾಧಿಕಾರ ಎಂದರೆ ಆ ಶಬ್ದವನ್ನೇ ಸವೆಸಿದಂತೆ. ಎರಡನೆಯ ಮತ್ತು ಮೂರನೆಯ ಪರೀಕ್ಷೆಯಲ್ಲಿ ಮಾತ್ರ ಇದು ನಿಲ್ಲುವುದಿಲ್ಲ: ತಾತ್ಕಾಲಿಕ ಎಂದು ಬಂದ ಆಡಳಿತಾಧಿಕಾರಿಗೆ ಕೊನೆಯ ದಿನ ಇಲ್ಲ, ತಡದಿಂದ ಕೈಯಲ್ಲಿ ಅಧಿಕಾರ ಉಳಿಯುವುದು ತಡ ಮಾಡಿದವರಿಗೇ.

ಪತ್ತೆ ಮಾಡಿದ್ದನ್ನು ದಾಖಲೆಯಾಗಿಸಲು ಮಾಹಿತಿ ಹಕ್ಕಿನ ಅರ್ಜಿ ಸಾಕು. ಆಡಳಿತಾಧಿಕಾರಿಯನ್ನು ನೇಮಿಸಿದ ಆದೇಶದ ಪ್ರತಿ ಮತ್ತು ಅದನ್ನು ಮುಂದುವರಿಸಿದ ಒಂದೊಂದು ಆದೇಶದ ನಕಲನ್ನೂ ಕೇಳಿ. ಸದಸ್ಯರಿಲ್ಲದ ಅವಧಿಯಲ್ಲಿ ಒಪ್ಪಿಗೆಯಾದ ಕ್ರಿಯಾ ಯೋಜನೆಗೆ ಯಾರ ಸಹಿ ಇದೆ ಎಂಬುದನ್ನು ಬೇರೆ ಅರ್ಜಿಯಲ್ಲಿ ಕೇಳಿ, ಏಕೆಂದರೆ ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ಶುಲ್ಕ ಹತ್ತು ರೂಪಾಯಿ. ಮೂವತ್ತು ದಿನದೊಳಗೆ ಉತ್ತರ ಬಾರದಿದ್ದರೆ ಅದೇ ಇಲಾಖೆಯ ಮೇಲ್ಮನವಿ ಪ್ರಾಧಿಕಾರಕ್ಕೆ, ಅಲ್ಲೂ ಆಗದಿದ್ದರೆ ಮಾಹಿತಿ ಆಯೋಗಕ್ಕೆ ಹೋಗಿ. ಬಂದ ಉತ್ತರದ ಪ್ರತಿಯನ್ನು ಊರಿನ ಗ್ರಾಮಸಭೆಯಲ್ಲಿ ಓದಿ, ನಡವಳಿ ಪುಸ್ತಕದಲ್ಲಿ ಬರೆಸಿ.